ಫಿಲ್ಟರ್ ತೆಗೆದು ಕಟ್ಟಿದ ಬಟ್ಟೆ

ಬೀದರಿನ ಒಂದು ಮಷಿನರಿ ಅಂಗಡಿಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ನಿಂತೆ. ನಿಂತೆ ಎಂದೇ ಹೇಳಬೇಕು. ಕೌಂಟರಿನ ಹಿಂದೆ ಸ್ಟೂಲು ಇಟ್ಟರೆ ನಮ್ಮ ಮಾಲಕರಿಗೆ ಆಗುತ್ತಿರಲಿಲ್ಲ. ಕೂತವನಿಗೆ ಗಿರಾಕಿ ಕಾಣುವುದಿಲ್ಲ ಎನ್ನುತ್ತಿದ್ದರು. ಈಗ ನನ್ನ ಮೊಣಕಾಲುಗಳು ಹೋಗಿವೆ, ಅದು ಬೇರೆ ಮಾತು. ಹಲಬರ್ಗಾದಿಂದ ಬೆಳಗಿನ ರೈಲಿಗೆ ಬರುತ್ತಿದ್ದೆ, ಸಂಜೆಯ ರೈಲಿಗೆ ತಿರುಗಿ ಹೋಗುತ್ತಿದ್ದೆ. ನಡುವೆ ಡ್ರಿಲ್ಲು, ಗ್ರೈಂಡರು, ನೀರಿನ ಮೋಟರು ಮಾರುತ್ತಿದ್ದೆ, ಕೆಟ್ಟು ಬಂದವನ್ನು ಬಿಚ್ಚಿ ಕಟ್ಟುತ್ತಿದ್ದೆ. ಯಾವಾಗ ಸಣ್ಣ ಕೌಂಟರಿನಿಂದ ದೊಡ್ಡ ಕೌಂಟರಿಗೆ ಬಂದೆ ಎಂಬುದರಲ್ಲಿ ಓದುವಂಥದ್ದೇನೂ ಇಲ್ಲ, ಅದನ್ನು ಬಿಟ್ಟುಬಿಡುತ್ತೇನೆ.

ಇದನ್ನು ಬರೆಯುತ್ತಿರುವುದು ಇಂಥ ಅಂಗಡಿಗಳಲ್ಲಿ ಈಗ ಹೊಸದಾಗಿ ನಿಲ್ಲುತ್ತಿರುವವರಿಗಾಗಿ. ಮನೆಯ ಒಂದು ಕೋಣೆಯಲ್ಲೇ ಕಸಬು ನಡೆಸುವವರು ನಿಮ್ಮ ಹತ್ತಿರ ಬರುತ್ತಾರೆ, ಧೂಳು ಎಳೆಯುವ ಒಳ್ಳೆಯ ಮಷಿನ್ ಒಂದು ಕೊಡಿ ಎನ್ನುತ್ತಾರೆ. ಅಂಥವರಿಗೆ ಯಾವುದನ್ನು ಕೊಡಬೇಕು, ಕೊಡುವ ಮೊದಲು ಏನು ಕೇಳಬೇಕು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ರಮಾಬಾಯಿ ಎಂಬ ಹೆಣ್ಣುಮಗಳ ಉಸಿರು ಕೆಟ್ಟುಹೋಗಿತ್ತು. ಆಕೆಯ ಕಥೆಗೆ ಬರುವ ಮೊದಲು ನಾನು ಎಂಥ ಮಾರಾಟಗಾರನಾಗಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ.

ನಮ್ಮ ಅಂಗಡಿಗೆ ಮೊದಲು ಬಂದ ವ್ಯಾಕ್ಯೂಮು ಗಾಲೀಚು ಗುಡಿಸಲು ಮಾಡಿದ್ದು. ಅದನ್ನು ನಾನು ಖಟಕ ಚಿಂಚೋಳಿಯ ಗುಂಡಪ್ಪ ಎಂಬ ಬಡಗಿಗೆ ಮಾರಿದೆ. ಅವರು ಮನೆಯ ಪಡಸಾಲೆಯಲ್ಲೇ ಬಾಗಿಲು ಕಿಟಕಿ ಮಾಡುತ್ತಿದ್ದರು. ಎಂಟೇ ದಿನಕ್ಕೆ ಗುಂಡಪ್ಪ ಮಷಿನನ್ನು ತೊಡೆಯ ಮೇಲೆ ಇಟ್ಟುಕೊಂಡು ಭಾಲ್ಕಿ, ಅಲ್ಲಿಂದ ಬೀದರ್ ಎಂದು ಎರಡು ಬಸ್ಸು ಬದಲಿಸಿ ಬಂದರು.

"ಏನ್ರಿ ಪ್ರಭುದಾಸರ, ಇದಕ್ಕ ಹಸಿವೇ ಇಲ್ಲಲ್ರಿ. ಎರಡು ತುತ್ತು ತಿಂದು ಬಾಯಿ ಮುಚ್ಕೊಂಡು ಕೂಡ್ತದ" ಎಂದರು.

ಪೈಪು ಬಿಚ್ಚಿ ಕೋಲು ತೂರಿಸಿದೆ. ಕೀಸುಳಿಯಿಂದ ಹೆರೆದ ಮರದ ಸುರುಳಿ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಹೆಬ್ಬೆರಳಿಗಿಂತ ತುಸು ದಪ್ಪದ ಆ ಪೈಪಿನಲ್ಲಿ ಬಡಗಿಯ ಮನೆಯ ಕಸ ಹಾದು ಹೋಗುವುದಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಷಿನ್ ತಿರುಗಿ ತೆಗೆದುಕೊಂಡು, ದಪ್ಪ ಪೈಪಿನ, ಡ್ರಮ್ಮಿನ ಹೊಟ್ಟೆಯ ಒಂದನ್ನು ಹೈದರಾಬಾದಿನಿಂದ ತರಿಸಿ ಕೊಟ್ಟೆವು. ಅದು ಚೆನ್ನಾಗಿ ನಡೆಯಿತು. ಗುಂಡಪ್ಪ ಸಿಕ್ಕಲ್ಲೆಲ್ಲ ನನ್ನನ್ನು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ, ಪೈಪಿನ ದಪ್ಪ ನೋಡುವುದನ್ನು ಕಲಿತೆ, ಈ ಮಷಿನಿನ ವಿದ್ಯೆ ಪೂರ್ತಿ ಬಂತು ಎಂದುಕೊಂಡೆ.

ಮಾಲಕರ ಪಾಠ ಬೇರೆಯೇ ಇತ್ತು. "ತಮ್ಮಾ, ಮೋಟರ್ ಎಷ್ಟು ವ್ಯಾಟಿಂದು ಅಂತ ಮೊದಲು ಹೇಳು. ದೊಡ್ಡ ನಂಬರ್ ಕೇಳಿದ ಮ್ಯಾಲ ಗಿರಾಕಿ ಮುಂದ ಏನೂ ಕೇಳಂಗಿಲ್ಲ" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ಮೂರು ದಿನ ಅಂಗಡಿ ಬಿಟ್ಟು ಹಲಬರ್ಗಾದಲ್ಲೇ ಇದ್ದವರು. ಆದರೆ ವ್ಯಾಪಾರದಲ್ಲಿ ಗಿರಾಕಿ ಮುಂದೇನೂ ಕೇಳಬಾರದು ಎಂಬುದೇ ಅವರ ಆಸೆ. ನಾನು ಅದನ್ನು ಇನ್ನಷ್ಟು ಚಂದ ಮಾಡಿದೆ. ಕೌಂಟರಿನ ಮುಂದೆ ಒಂದು ಹಿಡಿ ಮೊಳೆ, ಎರಡು ನಟ್ಟು ಚೆಲ್ಲಿ ಮಷಿನ್ ಹಚ್ಚುತ್ತಿದ್ದೆ. ಮೊಳೆಗಳು ಟಣಟಣ ಎಂದು ಪೈಪಿನೊಳಗೆ ಓಡುವುದನ್ನು ಕೇಳಿ ಗಿರಾಕಿಗಳ ಕಣ್ಣುಗಳು ಅರಳುತ್ತಿದ್ದವು. ನನಗೂ ಆ ಸದ್ದು ಬಹಳ ಇಷ್ಟವಾಗಿತ್ತು.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಬೋರುಗಳಲ್ಲಿ ನೀರಿಲ್ಲದ ಮೇಲೆ ಮೋಟರು ಯಾರು ಕೊಳ್ಳುತ್ತಾರೆ? ಕಪಾಟಿನಲ್ಲಿದ್ದ ಮೋಟರುಗಳ ಮೇಲಿನ ಧೂಳನ್ನು ನಾವೇ ಕೊಡವುತ್ತಿದ್ದೆವು. ಭಾಲ್ಕಿ, ಔರಾದಿನ ಕಡೆಯಿಂದ ಹೈದರಾಬಾದು, ಪುಣೆಗೆ ಹೋಗುವ ಬಸ್ಸುಗಳಲ್ಲಿ ಹಾಸಿಗೆ ಗಂಟುಗಳದ್ದೇ ರಾಶಿ. ಊರಲ್ಲಿ ಉಳಿದು ಮನೆಯಲ್ಲೇ ಕಸಬು ಮಾಡುವವರಿಗೆ ಬೇರೊಂದು ತೊಂದರೆ ಬಂತು. ಮೊದಲೆಲ್ಲ ಅವರು ಕೆಲಸ ಮುಗಿದ ಮೇಲೆ ನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದರು, ಒದ್ದೆ ಗೋಣಿತಾಟು ಹಾಸಿ ಕೂರುತ್ತಿದ್ದರು. ಧೂಳು ಕೆಳಗೇ ಕೂರುತ್ತಿತ್ತು. ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರತೊಡಗಿದಾಗ ನೆಲಕ್ಕೆ ಯಾರು ಚೆಲ್ಲುತ್ತಾರೆ? ಒಣ ಕಸಬರಿಗೆ ಆಡಿಸಿದರೆ ಕೋಣೆಯೆಲ್ಲ ಮಬ್ಬು. ಹೀಗಾಗಿ ಎಂದೂ ಕೇಳದವರು ವ್ಯಾಕ್ಯೂಮು ಕೇಳಿಕೊಂಡು ಬಂದರು. ಮಾಲಕರು ಮೋಟರಿನ ಜಾಗದಲ್ಲಿ ಅವನ್ನೇ ಜೋಡಿಸಿಟ್ಟರು.

ಹಾಗೆ ಬಂದವರಲ್ಲಿ ಊರಂಚಿನ ನೌಬಾದಿನ ಅಶೋಕ ಒಬ್ಬ. ಬಿದ್ರಿ ಕೆಲಸದವನು. ಎರಕದ ಹೂಜಿ, ತಟ್ಟೆಗಳನ್ನು ಅರದಿಂದ ಉಜ್ಜಿ ನಯ ಮಾಡಿ, ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ, ಮತ್ತೆ ಉಜ್ಜಿ, ಕೊನೆಗೆ ಮಣ್ಣು ಹಚ್ಚಿ ಕಪ್ಪು ಮಾಡುವ ಕೆಲಸ. ಜೊತೆಯಲ್ಲಿದ್ದ ಇಬ್ಬರು ಕೆಲಸಗಾರರು ಹೈದರಾಬಾದಿಗೆ ಹೋಗಿಬಿಟ್ಟಿದ್ದರಿಂದ ಅವನ ತಂಗಿ ರಮಾಬಾಯಿ ಆ ಜಾಗದಲ್ಲಿ ಕೂತಿದ್ದಳು. ಆಕೆಯನ್ನು ಔರಾದಿನ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಪುಣೆಗೆ ಗುಳೆ ಹೋದಾಗ ಈಕೆ ಜೊತೆಗೆ ಹೋಗದೆ ಅಣ್ಣನ ಮನೆಗೆ ಬಂದಿದ್ದಳು. ಕೈಗೊಂದು ಕಸಬು ಕಲಿತರೆ ಗಂಡನನ್ನೂ ಇಲ್ಲಿಗೇ ಕರೆಸಿಕೊಳ್ಳಬಹುದು, ಇಟ್ಟಿಗೆ ಹೊರುವ ಬದುಕು ತಪ್ಪುತ್ತದೆ ಎಂಬುದು ಆಕೆಯ ಲೆಕ್ಕ. ಎರಡೇ ವರ್ಷದಲ್ಲಿ ಆಕೆ ಬೆಳ್ಳಿ ತಂತಿ ಕೂರಿಸುವುದನ್ನು ಅಣ್ಣನಿಗಿಂತ ಚೊಕ್ಕ ಮಾಡುತ್ತಿದ್ದಳು. ಇದನ್ನು ಅಶೋಕನೇ ಎಲ್ಲರಿಗೂ ಹೇಳುತ್ತಿದ್ದ.

ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಬಂದಿದ್ದರು. ಕಪಾಟಿನಲ್ಲಿ ಎರಡು ಮಷಿನುಗಳಿದ್ದವು. ಒಂದು ದೊಡ್ಡ ಡ್ರಮ್ಮಿನದು, ವಿಮಾನದ ಹಾಗೆ ಕೂಗುವಂಥದ್ದು. ಇನ್ನೊಂದು ಸಣ್ಣದು, ಸದ್ದು ಕಡಿಮೆ, ಎಳೆತವೂ ಕಡಿಮೆ. ಆದರೆ ಅದರ ಹಿಂಬದಿಯಲ್ಲಿ ಒಂದರ ಹಿಂದೆ ಒಂದು ಎರಡು ಫಿಲ್ಟರುಗಳಿದ್ದವು. ಕಣ್ಣಿಗೆ ಕಾಣದ ಲೋಹದ ಪುಡಿಯನ್ನೂ ಹಿಡಿಯುತ್ತದೆ ಎಂದು ಅದರ ಪುಸ್ತಕದಲ್ಲಿ ಬರೆದಿತ್ತು. ನಾನು ಅದನ್ನು ಓದಿದ್ದೆ. ಓದಿರಲಿಲ್ಲ ಎಂದು ಹೇಳಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು.

"ಈ ಸಣ್ಣದರಾಗ ಏನದರಿ ಅಣ್ಣಾ?" ಎಂದು ರಮಾಬಾಯಿ ಕೇಳಿದಳು.

ಮಾಲಕರು ಗಲ್ಲೆಯಿಂದಲೇ ಹೇಳಿದರು: "ಅದರ ಫಿಲ್ಟರ್ ಇಲ್ಲಿ ಸಿಗಂಗಿಲ್ಲವ್ವ, ಹೈದರಾಬಾದಿಂದ ಬರಬೇಕು. ಯಾಕ ಬೇಕು ಆ ತ್ರಾಸ?"

ನಾನು ಮೊಳೆ ಚೆಲ್ಲಿ ದೊಡ್ಡದನ್ನು ಹಚ್ಚಿದೆ. ಅಶೋಕ ನಕ್ಕ. ಅದನ್ನೇ ಆಟೋದಲ್ಲಿ ಹಾಕಿಕೊಂಡು ಹೋದರು.

ಎರಡು ವಾರದೊಳಗೆ ಫೋನು ಬಂತು. ಮಷಿನ್ ಎಳೆಯುತ್ತಿಲ್ಲ ಎಂದು. ನೌಬಾದಿಗೆ ಹೋದೆ. ಒಂದು ಕೋಣೆ, ಒಂದು ಕಿಟಕಿ. ಮೂಲೆಯಲ್ಲಿ ತಗಡಿನ ಡಬ್ಬಿ ಇತ್ತು, ಅದರಲ್ಲಿ ನೆಲದ ಧೂಳು ಕೂಡಿಟ್ಟಿದ್ದರು. ಬಿದ್ರಿ ಮನೆಗಳಲ್ಲಿ ಕಸ ಹೊರಗೆ ಚೆಲ್ಲುವುದಿಲ್ಲ. ತಂತಿ ಕೂರಿಸಿದ ಮೇಲೆ ಉಜ್ಜಿದಾಗ ಉದುರುವ ಬೆಳ್ಳಿಯ ಪುಡಿ ಅದರಲ್ಲಿರುತ್ತದೆ. ತಿಂಗಳುಗಟ್ಟಲೆ ಕೂಡಿಸಿ, ಧೂಳು ಶೋಧಿಸುವವನಿಗೆ ಕೊಟ್ಟರೆ ಅದರಿಂದ ಬೆಳ್ಳಿ ತಿರುಗಿ ಬರುತ್ತದೆ. ಅಲ್ಲಿ ನೆಲ ಗುಡಿಸುವುದೂ ಒಂದು ಕಸಬೇ. ಹೀಗಿರುವಾಗ ನನ್ನ ಮಷಿನು ಅವರ ಬೆಳ್ಳಿಯನ್ನೆಲ್ಲ ನುಂಗಿ ಕೂತಿತ್ತು. ಅದರ ಫಿಲ್ಟರು ಕಾಗದದ್ದು, ಒತ್ತೊತ್ತಾಗಿ ಮಡಿಕೆ ಹಾಕಿದ್ದು. ಮಡಿಕೆಗಳ ನಡುವೆ ಪುಡಿ ಸಿಕ್ಕಿಕೊಂಡಿತ್ತು. ಕೊಡವಿದರೆ ಬೀಳದು, ಜೋರಾಗಿ ಬಡಿದರೆ ಕಾಗದ ಹರಿಯುತ್ತದೆ. ಮಡಿಕೆ ತುಂಬಿದ್ದರಿಂದ ಗಾಳಿಯೂ ಹಾಯುತ್ತಿರಲಿಲ್ಲ.

"ಬೆಳ್ಳಿ ಒಳಗ, ನಾವು ಹೊರಗ. ಹ್ಯಾಂಗ ಮಾಡೂದ್ರಿ ಈಗ?" ಎಂದ ಅಶೋಕ.

ಆಮೇಲೆ ಅವನೇ ಫಿಲ್ಟರ್ ಕಿತ್ತು ಪಕ್ಕಕ್ಕಿಟ್ಟ. ತಂಗಿಗೆ ಏನೋ ಹೇಳಿದ. ಆಕೆ ಟ್ರಂಕಿನಿಂದ ತನ್ನ ಹಳೆಯ ಮಲ್‌ಮಲ್ ಸೀರೆಯೊಂದನ್ನು ತೆಗೆದು, ನಾಲ್ಕು ಅಂಗೈಯಷ್ಟು ಅಗಲದ ತುಂಡು ಹರಿದು ಕೊಟ್ಟಳು. ಅವನು ಅದನ್ನು ಫಿಲ್ಟರಿನ ಜಾಗದಲ್ಲಿ ದಾರದಿಂದ ಬಿಗಿದು ಕಟ್ಟಿ ಮಷಿನ್ ಹಚ್ಚಿದ. ಎಳೆತ ಮೊದಲಿಗಿಂತಲೂ ಜೋರಾಯಿತು! ಹತ್ತು ನಿಮಿಷ ನಡೆಸಿ ನಿಲ್ಲಿಸಿ, ಬಟ್ಟೆ ಬಿಚ್ಚಿ ತಟ್ಟೆಯ ಮೇಲೆ ಕೊಡವಿದ. ಬೆಳ್ಳಿ ಮಿನುಗುತ್ತ ಉದುರಿತು.

ನಾನು ಶಾಬಾಸ್ ಎಂದೆ. ಮನಸ್ಸಿನಿಂದಲೇ ಎಂದೆ. ಎಳೆತ ಜೋರಾದರೆ ಮಷಿನ್ ಒಳ್ಳೆಯದಾಯಿತು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೆ, ನಾನೂ ಅದನ್ನೇ ನಂಬಿದ್ದೆ. ತೆಳ್ಳನೆಯ ಬಟ್ಟೆಯಲ್ಲಿ ಗಾಳಿ ಸಲೀಸಾಗಿ ಹಾಯುತ್ತದೆ, ಅದಕ್ಕೇ ಎಳೆತ ಜೋರು. ಗಾಳಿಯ ಜೊತೆ ಮತ್ತೇನು ಹಾಯುತ್ತದೆ ಎಂದು ಯೋಚಿಸಲಿಲ್ಲ.

ಅಂಗಡಿಗೆ ಬಂದು ಮಾಲಕರಿಗೆ ಹೇಳಿದೆ. ಫಿಲ್ಟರಿನ ದೂರು ಒಂದೇ ಏಟಿಗೆ ನಿಲ್ಲುತ್ತದೆಂದು ಅವರಿಗೆ ಖುಷಿಯೋ ಖುಷಿ. ಬಜಾರಿನಿಂದ ಒಂದು ಇಡೀ ಥಾನು ಮಲ್‌ಮಲ್ ತರಿಸಿದರು. ನಾನೇ ಕತ್ತರಿ ಹಿಡಿದು ಚೌಕ ಚೌಕ ಕತ್ತರಿಸಿ ಕೌಂಟರಿನಲ್ಲಿಟ್ಟೆ. ಮಷಿನ್ ಕೊಂಡವರಿಗೆಲ್ಲ ಎರಡೆರಡು ತುಂಡು ಕೊಟ್ಟು, ಕಟ್ಟುವುದು ಹೇಗೆಂದು ತೋರಿಸುತ್ತಿದ್ದೆ. ಭಾಲ್ಕಿಯಲ್ಲಿ ಬೆಳ್ಳಿಗೆ ಪಾಲಿಶ್ ಮಾಡುವ ಒಬ್ಬ ಅಕ್ಕಸಾಲಿಗ, ಔರಾದಿನಲ್ಲಿ ಕಲ್ಲು ಕೊರೆದು ದೇವರ ಮೂರ್ತಿ ಮಾಡುವ ಒಂದು ಮನೆ, ನಮ್ಮ ಗುಂಡಪ್ಪ, ಎಲ್ಲರಿಗೂ ಹೋಗಿ ಹೇಳಿದೆ. ಪ್ರಭುದಾಸರ ಉಪಾಯ ಎಂದೇ ಅದಕ್ಕೆ ಹೆಸರಾಯಿತು. ಅದು ಅಶೋಕನ ಉಪಾಯ ಎಂದು ನಾನು ಯಾರನ್ನೂ ತಿದ್ದಲಿಲ್ಲ. ಆಗ ಅದು ಹೆಮ್ಮೆಯ ಮಾತಾಗಿತ್ತು.

ಒಂದೂವರೆ ವರ್ಷ ಹೀಗೇ ನಡೆಯಿತು. ನನ್ನ ಹೆಂಡತಿ ಗ್ರೇಸ್ ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ರೈಲಿನಲ್ಲಿ ಮನೆಗೆ ಹೋಗುವಾಗ ಕೇಳಿದಳು: "ನೌಬಾದಿನ ರಮಾಬಾಯಿ ನಿಮಗ ಗೊತ್ತೇನ್ರಿ? ಮೂರನೇ ಸಲ ಬಂದಾಳ ಈ ತಿಂಗಳಾಗ. ಕೆಮ್ಮು ಬಿಡವಲ್ತು. ಧೂಳಿನಾಗ ಕೂಡ್ತಿಯೇನವ್ವಾ ಅಂತ ಡಾಕ್ಟರ್ ಕೇಳಿದ್ರ, ಇಲ್ರಿ, ಈಗ ಮಷಿನ್ ತಂದೇವಿ ಅಂತಾಳ."

"ನಾನೇ ಕೊಟ್ಟ ಮಷಿನು" ಎಂದೆ, ಸ್ವಲ್ಪ ಬೀಗಿಯೇ.

"ಹಂಗಾದ್ರ ಭಾನುವಾರ ಚರ್ಚಿನಿಂದ ಹಂಗೇ ನೌಬಾದಿಗೆ ಹೋಗೂಣು. ನಾ ಒಮ್ಮಿ ನೋಡ್ತೇನಿ."

ಹೋದೆವು. ಮಷಿನು ಕೋಣೆಯ ನಡುವೆ ಇತ್ತು. ಅದರ ಹಿಂದೆ ಎರಡು ಮಾರು ದೂರದಲ್ಲಿ ರಮಾಬಾಯಿಯ ಚಾಪೆ. ಕಿಟಕಿಯ ಬೆಳಕಿಗಾಗಿ ಅಲ್ಲಿ ಕೂತಿದ್ದಾಳೆ ಎಂದುಕೊಂಡೆ. ಆಕೆ ಮೊದಲಿಗಿಂತ ಅರ್ಧ ಇಳಿದಿದ್ದಳು. ಎದ್ದು ನೀರು ತಂದುಕೊಟ್ಟು ಕೂರುವಷ್ಟರಲ್ಲಿ ಏದುಸಿರು.

ಗ್ರೇಸ್ ಮಷಿನನ್ನು ಒಂದು ಸುತ್ತು ಹಾಕಿದಳು. "ಧೂಳ ಒಳಗ ಹೋಗೂದು ಪೈಪಿನಿಂದ. ಖರೇ. ಮತ್ತ ಗಾಳಿ ಎಲ್ಲಿಂದ ಹೊರಗ ಬರ್ತದರಿ?"

ಹಿಂಬದಿಯ ಜಾಲರಿ ತೋರಿಸಿದೆ. ಆಕೆ ಅಲ್ಲಿಂದ ನೇರ ನಡೆದು ಗೋಡೆಗೆ ಹೋದಳು. ರಮಾಬಾಯಿಯ ಚಾಪೆಯ ಹಿಂದಿನ ಗೋಡೆ ಆಳೆತ್ತರಕ್ಕೆ ಬೂದುಗಪ್ಪಾಗಿತ್ತು. ನಡುವೆ ಒಮ್ಮೆ ಬಂದಾಗಲೂ ನಾನು ಅದನ್ನು ನೋಡಿದ್ದೆ, ಕಪ್ಪು ಮಾಡುವ ಮಣ್ಣಿನದ್ದಿರಬೇಕು ಎಂದುಕೊಂಡಿದ್ದೆ. ಗ್ರೇಸ್ ತನ್ನ ಬಿಳಿ ಕರವಸ್ತ್ರದಿಂದ ಒಮ್ಮೆ ಒರೆಸಿ ನನ್ನ ಮುಂದೆ ಹಿಡಿದಳು.

"ಬಟ್ಟಿ ಬೆಳ್ಳಿ ಹಿಡಿದದರಿ. ಸಣ್ಣ ಧೂಳ ಹಿಡಿದಿಲ್ಲ. ನೆಲದಾಗ ಬಿದ್ದಿದ್ದು ಎಳದು ಎಳದು ಈಕಿ ಮುಖಕ್ಕ ಊದ್ಲತ್ತದ ನಿಮ್ಮ ಮಷಿನು."

ಅಶೋಕ ಬಗ್ಗಿ ದಾರ ಬಿಚ್ಚಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಕಸಬರಿಗೆಯ ಧೂಳು ದಿನಕ್ಕೊಮ್ಮೆ ಎದ್ದು ಅರ್ಧ ಗಂಟೆಯಲ್ಲಿ ಕೂರುತ್ತಿತ್ತು. ಮಷಿನಾದರೋ ಕೆಲಸದ ಪಕ್ಕದಲ್ಲೇ ದಿನವೆಲ್ಲ ನಡೆಯುತ್ತಿತ್ತು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಆಮೇಲೆ ಮಾಡಬೇಕಾದ್ದನ್ನು ಮಾಡಿದೆ. ನಮ್ಮ ಕಡೆಯ ದಾಲ್ ಮಿಲ್ಲುಗಳ ಮೇಲೆ ತಗಡಿನ ದೊಡ್ಡ ಆಲಿಕೆಯಂಥದ್ದು ಇರುತ್ತದೆ. ಹೊಟ್ಟು ತುಂಬಿದ ಗಾಳಿ ಅದರೊಳಗೆ ಗಿರಗಿರ ತಿರುಗುತ್ತದೆ, ಭಾರದ್ದು ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಹೋಗುತ್ತದೆ. ರೈಲಿನ ಕಿಟಕಿಯಿಂದ ದಿನಾ ಅದನ್ನು ನೋಡುತ್ತಿದ್ದೆ, ಆ ಯುಕ್ತಿ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಈಗ ಅದೇ ಲೆಕ್ಕದಲ್ಲಿ ಗಟ್ಟಿ ಮುಚ್ಚಳದ ಒಂದು ಡಬ್ಬಿಯನ್ನು ಪೈಪಿನ ನಡುವೆ ಸೇರಿಸಿದೆ. ಬೆಳ್ಳಿ ಡಬ್ಬಿಯಲ್ಲೇ ಬಿತ್ತು. ಫಿಲ್ಟರ್ ತನ್ನ ಜಾಗಕ್ಕೆ ಹೋಯಿತು. ಉದ್ದ ಪೈಪು ಹಾಕಿ ಮಷಿನನ್ನೇ ಕೋಣೆಯಿಂದ ಹೊರಗೆ, ಅಂಗಳದ ಆಚೆ ಇಟ್ಟೆವು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಒಂದೂವರೆ ವರ್ಷದ ಹಿಂದೆಯೂ ಒಂದೇ ಮಧ್ಯಾಹ್ನ ಸಾಕಾಗುತ್ತಿತ್ತು.

ಕೌಂಟರಿನಲ್ಲಿದ್ದ ಮಲ್‌ಮಲ್ ತುಂಡುಗಳನ್ನು ಎತ್ತಿ ಬಿಸಾಡಿದೆ. ರಜೆ ಹಾಕಿ ಮನೆ ಮನೆಗೆ ಹೋದೆ. ಮಾಲಕರು ಸಿಟ್ಟಾದರು: "ಊರೂರು ತಿರುಗಿ ನಮ್ಮ ಅಂಗಡಿ ಹೆಸರು ನೀನೇ ಕೆಡಸ್ತಿಯೇನೋ?" ಮೊದಲ ಸಲ ಅವರಿಗೆ ಎದುರಾಡಿದೆ. ಹೆಸರು ಕೆಡಿಸುತ್ತಿಲ್ಲ, ಬಟ್ಟೆ ಬಿಚ್ಚುತ್ತಿದ್ದೇನೆ ಎಂದೆ. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಗುಂಡಪ್ಪ ಈ ಸಲ ರೇಗಿಸದೆ ತಾವೇ ಬಟ್ಟೆ ಬಿಚ್ಚಿದರು. ಭಾಲ್ಕಿಯ ಅಕ್ಕಸಾಲಿಗ ಒಪ್ಪಲಿಲ್ಲ, "ನೀವೇ ಕಟ್ಟು ಅಂದ್ರಿ, ಈಗ ನೀವೇ ಬಿಚ್ಚು ಅಂತೀರಿ. ನಾಳೆ ಏನಂತೀರಿ?" ಎಂದ. ಅವನ ಮನೆಗೆ ಐದು ಸಲ ಹೋಗಬೇಕಾಯಿತು. ಔರಾದಿನ ಮೂರ್ತಿ ಮಾಡುವವರ ಮನೆಗೆ ಬೀಗ. ಕುಟುಂಬ ಸಮೇತ ಗುಳೆ ಹೋಗಿದ್ದಾರೆ, ಮಷಿನನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಎಲ್ಲಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಲ್ಲಿನ ಧೂಳು ಲೋಹದ್ದಕ್ಕಿಂತ ಕೆಟ್ಟದ್ದು ಎಂದು ಗ್ರೇಸ್ ಆಮೇಲೆ ಹೇಳಿದಳು. ಆ ಬಟ್ಟೆ ಇನ್ನೂ ಕಟ್ಟಿಕೊಂಡೇ ಇದೆಯೋ ಏನೋ, ಈ ಹೊತ್ತಿಗೂ ನನಗೆ ತಿಳಿದಿಲ್ಲ.

ರಮಾಬಾಯಿಯನ್ನು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಗ್ರೇಸ್ ಜೊತೆಗಿದ್ದಳು. ಹೋದ ಉಸಿರು ಪೂರ್ತಿ ತಿರುಗಿ ಬರುವುದಿಲ್ಲ, ಇನ್ನು ಮುಂದೆ ಯಾವ ಧೂಳಿನಲ್ಲೂ ಕೂರಬಾರದು ಎಂದರು. ಎಲ್ಲವೂ ಮಷಿನಿನಿಂದಲೇ ಆಯಿತೆಂದು ಹೇಳಲಾಗದು, ಮೊದಲ ಎರಡು ವರ್ಷದ ಉಜ್ಜುವ ಕೆಲಸವೂ ಇದೆ, ಒಲೆಯ ಹೊಗೆಯೂ ಇದೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ. ಕೆಲವು ದಿನ ನಾನು ಆ ಮಾತನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ.

ಕಸಬು ಬಿಟ್ಟ ಮೇಲೆ ಆಕೆಗೆ ಇಲ್ಲಿ ಉಳಿಯಲು ಕಾರಣವಿರಲಿಲ್ಲ. ಗಂಡನ ಹತ್ತಿರ ಪುಣೆಗೆ ಹೊರಟಳು. ಬೀದರಿನ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಅಶೋಕ ಟಿಕೇಟಿಗೆ ಹೋಗಿದ್ದ. ಆಕೆ ಗಂಟಿನ ಮೇಲೆ ಕೂತಿದ್ದಳು. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ.

"ತಂಗಿ, ತಪ್ಪು ನನ್ನದಾತು."

"ನಿಮ್ಮದೇನ್ರಿ ಅಣ್ಣಾ. ಬಟ್ಟಿ ಕಟ್ಟಿದವರು ನಾವು. ಸೀರಿ ನಂದೇ ಹರಿದು ಕೊಟ್ಟೇನಿ." ಸ್ವಲ್ಪ ತಡೆದು ಉಸಿರು ತೆಗೆದುಕೊಂಡಳು. "ಆದ್ರ ಅವತ್ತ ನಾ ನಿಮಗ ಒಂದು ಮಾತು ಕೇಳಿದ್ದೆ. ನೆನಪದ ಏನ್ರಿ? ಹಿಂದಿನಿಂದ ಗಾಳಿ ಬರ್ಲತ್ತದಲ್ರಿ, ಅಲ್ಲಿ ಕೂತ್ರ ಏನೂ ಆಗಂಗಿಲ್ಲಲ್ರಿ ಅಂತ. ನೀವು ನಕ್ಕೀರಿ. ಇಂಥ ಬಿಸಲಾಗ ಫುಕಟ್ ಕೂಲರ್ ಸಿಕ್ಕದ, ಕೂಡವ್ವಾ ಅಂದ್ರಿ. ಅದಕ್ಕ ಚಾಪಿ ಅಲ್ಲೇ ಹಾಕೊಂಡೆ."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಶೋಕ ಟಿಕೇಟು ತಂದ. ನಾನು ಗಂಟು ಎತ್ತಿಕೊಟ್ಟೆ. ಬಸ್ಸಿನ ಮೂರು ಮೆಟ್ಟಿಲು ಹತ್ತಲು ಆಕೆ ಎರಡು ಸಲ ನಿಂತಳು.

ಅವತ್ತಿನದೆಲ್ಲ ನನಗೆ ನೆನಪಿದೆ. ಸೀರೆಯ ತಿಳಿಹಸಿರು ಬಣ್ಣ, ಅದನ್ನು ಹರಿದ ಸದ್ದು, ತಟ್ಟೆಯ ಮೇಲೆ ಉದುರಿದ ಬೆಳ್ಳಿ. ಆಕೆ ಕೇಳಿದ್ದು ಮಾತ್ರ ಎಷ್ಟು ತಲೆ ಕೆಡಿಸಿಕೊಂಡರೂ ನೆನಪಿಗೆ ಬರುವುದಿಲ್ಲ. ಆದರೆ ಆಕೆ ಸುಳ್ಳು ಹೇಳುವವಳಲ್ಲ. ಮತ್ತು ಕೂಲರಿನ ಆ ಮಾತು ನನ್ನದೇ, ಗಿರಾಕಿಗಳ ಜೊತೆ ನಾನು ದಿನವೆಲ್ಲ ಹಾಗೆಯೇ ಮಾತಾಡುತ್ತಿದ್ದೆ.